ಈ ವರ್ಷ ಜಕಾತಿ ನಮ್ಮ ಮನಿದು

ಅರಳೆ ತುಂಬಿದ ಗಾದಿಯ ಬಾಯಿ ಹೊಲಿಯುವುದು ಯಮನೂರಸಾಬನ ಕಸುಬು. ಅವನು ಹೊಲಿದ ಗಾದಿಯಿಂದ ಒಂದು ಎಳೆ ಅರಳೆ ಹೊರಬಂದ ದಾಖಲೆ ಗಜೇಂದ್ರಗಡದಲ್ಲಿ ಇಲ್ಲ. ಆದರೆ ತನ್ನ ಬಾಯಿಗೆ ಒಂದೇ ಒಂದು ಹೊಲಿಗೆ ಹಾಕಿಕೊಳ್ಳುವ ವಿದ್ಯೆ ಮಾತ್ರ ಐವತ್ತು ದಾಟಿದರೂ ಅವನಿಗೆ ಒಲಿದಿರಲಿಲ್ಲ. ಇದು ಅವನ ಹೆಂಡತಿ ಖಾಜಾಬಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದವರೂ ಒಮ್ಮೊಮ್ಮೆ ಎಡವುತ್ತಾರೆ. ರಂಜಾನ್ ತಿಂಗಳ ಒಂದು ಸಂಜೆ, ಹಗಲೆಲ್ಲ ಉಪವಾಸವಿದ್ದು ರೋಜಾ ಬಿಟ್ಟು ಗಂಡ ಖರ್ಜೂರ ಅಗಿಯುತ್ತಿದ್ದಾಗ, ಬಾಯಿ ತುಂಬಿದೆ, ಮಾತಿಗೆ ಜಾಗವಿಲ್ಲ ಎಂಬ ಧೈರ್ಯದಲ್ಲಿ ಅವಳು ವಿಷಯ ತೆಗೆದಳು.

"ಏನ್ರಿ, ಈ ವರ್ಷ ನನ್ನ ಮ್ಯಾಲೆ ಜಕಾತಿ ಬರ್ತೈತಂತ. ಕಾಶೀಂ ಚಾಚಾ ಹೇಳಿದ್ರು."

ಕಾಶೀಂಸಾಬರು ಮಸೀದಿಯಲ್ಲಿ ಮಕ್ಕಳಿಗೆ ಓದಿಸುವ ಹಿರಿಯರು. ಜಕಾತ್ ಎಂದರೆ ನಮಾಜಿನಷ್ಟೇ ಕಡ್ಡಾಯವಾದ ದಾನ ಎಂದು ಅವರು ಅವಳಿಗೆ ಬಿಡಿಸಿ ಹೇಳಿದ್ದರು. ಗೊತ್ತುಮಾಡಿದ ಮಟ್ಟ ಮೀರಿದ ಬಂಗಾರ, ಬೆಳ್ಳಿ, ರೊಕ್ಕ ವರ್ಷ ತುಂಬ ಕೈಯಲ್ಲಿದ್ದರೆ ಅದರಲ್ಲಿ ನಲವತ್ತಕ್ಕೊಂದು ಪಾಲು ತೆಗೆದು ಇಲ್ಲದವರಿಗೆ ಮುಟ್ಟಿಸಬೇಕು. ಖಾಜಾಬಿಯ ಬಳಿ ಇದ್ದದ್ದು ತವರಿನ ನಾಲ್ಕು ಬಿಲವಾರದ ಬಳೆ, ಒಂದು ಸರ, ಕೌದಿ ಹೊಲಿದು ಕೂಡಿಟ್ಟ ಒಂದಿಷ್ಟು ದುಡ್ಡು. ನಿಜ ಹೇಳಬೇಕೆಂದರೆ ಅವಳು ಸಿರಿವಂತಳಾಗಿರಲಿಲ್ಲ, ಬಂಗಾರ ಸಿರಿವಂತವಾಗಿತ್ತು. ಅವಳು ಕೂತಲ್ಲೇ ಕೂತು ಕೌದಿ ಹೊಲಿಯುತ್ತಿದ್ದಳು. ಬಂಗಾರದ ದರ ಗುಡ್ಡದ ಮೇಲಿನ ಗಾಳಿಯಂತ್ರಕ್ಕಿಂತ ಮೇಲೇರಿ, ಹೋಗುವಾಗ ಅವಳನ್ನೂ ಸೆರಗು ಹಿಡಿದು ಎಳೆದುಕೊಂಡು ಹೋಗಿತ್ತು.

ಯಮನೂರಸಾಬ ಖರ್ಜೂರದ ಬೀಜ ಉಗುಳಿದ. ಬೆನ್ನು ನೆಟ್ಟಗಾಯಿತು.

"ಅಂದ್ರ ನಾವು ಜಕಾತಿ ಕೊಡೋ ಮಂದಿ ಆದ್ವಿ!"

"ನಾವಲ್ರಿ. ಬಂಗಾರ ನಂದು. ನನ್ನ ಮ್ಯಾಲಷ್ಟ ಬರ್ತೈತಿ."

"ನೀ ಯಾರು? ನನ್ನ ಹೇಣ್ತಿ. ನೀ ಕೊಟ್ರ ನಾ ಕೊಟ್ಟಂಗಲ್ಲೇನು?"

"ಅಲ್ಲಂತ. ಚಾಚಾನ್ನ ಕೇಳ್ರಿ."

"ಹೋಗ್ಲಿ, ನನಗ ಕೊಡಾಕರ ಬರ್ತೈತೇನು?"

"ಗಂಡಗ ಬರೂದಿಲ್ಲ. ನಾದಿನಿಗೆ ಬರ್ತೈತಿ. ನಾ ರೇಷ್ಮಾಗ ಕೊಡಬೇಕಂತ ಮಾಡೇನಿ."

ರೇಷ್ಮಾ ಯಮನೂರಸಾಬನ ತಂಗಿ. ರೋಣದಲ್ಲಿ ಒಂದು ಕೋಣೆಯ ಮನೆ, ಓದುವ ಎರಡು ಮಕ್ಕಳು, ಗಂಡ ತೀರಿಕೊಂಡಿದ್ದ. ಮಕ್ಕಳ ಅಂಗಿ, ಫ್ರಾಕು, ಚಡ್ಡಿಗಳ ಗಂಟು ಕಟ್ಟಿಕೊಂಡು ರೋಣ, ನರಗುಂದ, ಗಜೇಂದ್ರಗಡ ಎಂದು ಸಂತೆಯಿಂದ ಸಂತೆಗೆ ತಿರುಗಿ ಮಾರುತ್ತಿದ್ದಳು. ಹೊಳೆಆಲೂರಿನಲ್ಲಿ ಅಕಾಲದಲ್ಲಿ ಸುರಿದ ಮಳೆ ಅವಳ ಗಂಟನ್ನು ನೆನೆಸಿ, ಕೆಂಪು ಫ್ರಾಕಿನ ಬಣ್ಣವನ್ನು ಉಳಿದ ಎಲ್ಲ ಬಟ್ಟೆಗೂ ಸಮನಾಗಿ ಹಂಚಿಬಿಟ್ಟಿತ್ತು. ಈದ್ ಹತ್ತಿರ ಬಂದಿತ್ತು. ಮಕ್ಕಳ ಬಟ್ಟೆಗೆ ವರ್ಷದ ಸುಗ್ಗಿ ಅದೇ. ಸುಗ್ಗಿಯಲ್ಲಿ ಅವಳು ಗುಲಾಬಿ ಕಲೆಯ ನಾಲ್ಕು ಚಡ್ಡಿ ಹಾಸಿಕೊಂಡು ಕೂರಬೇಕಾಗಿತ್ತು.

ಆದರೆ ರೇಷ್ಮಾ ಯಾರಿಂದಲೂ ಏನನ್ನೂ ಇಸಿದುಕೊಳ್ಳುವವಳಲ್ಲ. ಹಿಂದಿನ ವರ್ಷ ರೋಣದಲ್ಲಿ ಯಾರೋ ದೊಡ್ಡವರು ಜಕಾತಿನ ಸೀರೆ ಹಂಚುವಾಗ, "ಇತ್ತಾಗ ಮುಖಾ ಮಾಡವಾ, ಫೋಟೊ ಬರಬೇಕು" ಎಂದಿದ್ದಕ್ಕೆ, "ಸೀರಿ ಉಡೂದು ಮುಖಕ್ಕಲ್ರಿ" ಎಂದು ಅಲ್ಲೇ ಇಟ್ಟು ಬಂದಿದ್ದಳು.

ಹೀಗಾಗಿ ಖಾಜಾಬಿ ಸದ್ದಿಲ್ಲದೆ ಒಂದು ಕೆಲಸ ಮಾಡಿದ್ದಳು. ನರಗುಂದದ ದೊಡ್ಡ ಅಂಗಡಿಯಿಂದ ತನ್ನ ಪಾಲಿನ ಜಕಾತಿಗೆ ಸರಿಯಾಗುವಷ್ಟು ಮಕ್ಕಳ ಬಟ್ಟೆ ತರಿಸಿ, ಗಂಟು ಕಟ್ಟಿ ಒಳಕೋಣೆಯಲ್ಲಿ ಇಟ್ಟಿದ್ದಳು. ಸಂತೆಯ ದಿನ ನಾದಿನಿ ಬಂದಾಗ 'ಈದ್‌ಗೆ ನನ್ನ ಕಡಿಂದ' ಎಂದು ಕೊಟ್ಟುಬಿಡುವುದು. ಜಕಾತಿ ಎಂದು ಬಾಯಿಬಿಟ್ಟು ಹೇಳಬೇಕಿಲ್ಲ, ಕೊಡುವವರ ಮನಸ್ಸಿನಲ್ಲಿ ನಿಯತ್ತು ಇದ್ದರೆ ಸಾಕು ಎಂದು ಕಾಶೀಂಸಾಬರೂ ಹೇಳಿದ್ದರು.

"ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಆಕಿಗೆ ಗೊತ್ತಾದ್ರ ಮುಟ್ಟೂದಿಲ್ಲ."

"ನಾ ಯಾಕ ಹೇಳಲಿ?" ಎಂದ ಯಮನೂರಸಾಬ, ಗಾಯಗೊಂಡವನ ಹಾಗೆ.

ಮರುದಿನ ಬೆಳಿಗ್ಗೆ ಅವನು ಈದ್‌ಗೆಂದು ಇಸ್ತ್ರಿ ಮಾಡಿಸಿಟ್ಟ ಅಂಗಿ ತೊಟ್ಟು ಅಂಗಡಿಗೆ ಹೋದ. ಅರಳೆ ಪಿಂಜುವ ಕೆಲಸಕ್ಕೆ ಇಸ್ತ್ರಿ ಅಂಗಿ ತೊಟ್ಟವರನ್ನು ಊರು ಅದುವರೆಗೆ ಕಂಡಿರಲಿಲ್ಲ. ರಾಜೂರಿನ ಹನಮಪ್ಪ ತಲೆದಿಂಬು ಒಯ್ಯಲು ಬಂದ. ಅವನು ಸಂತೆಯಲ್ಲಿ ಉಳ್ಳಾಗಡ್ಡಿ ಮಾರುವವನು. ವ್ಯಾಪಾರಸ್ಥರಿಗೆಲ್ಲ ಹೇಳದೆ ಕೇಳದೆ ಮುಖಂಡ.

"ಏನ್ ಸಾಬ್ರ, ಯಾರದರ ಲಗ್ನ ಐತೇನು?"

ಯಮನೂರಸಾಬ ಆಚೀಚೆ ನೋಡಿದ. ದನಿ ತಗ್ಗಿಸಿದ. ಅವನ ತಗ್ಗಿದ ದನಿ ಎದುರಿನ ಸೈಕಲ್ ಅಂಗಡಿಯವರೆಗೆ ಮಾತ್ರ ಕೇಳುತ್ತದೆ.

"ಹನಮಪ್ಪಾ, ಹೊರಗ ಹೇಳಬ್ಯಾಡ. ಈ ವರ್ಷ ಜಕಾತಿ ನಮ್ಮ ಮನಿದು."

ಹನಮಪ್ಪ ಚೌಕಾಸಿ ಮಾಡದೆ ದುಡ್ಡು ಕೊಟ್ಟ. ದಿಂಬನ್ನು ಎದೆಗೊತ್ತಿಕೊಂಡು, ಬೆನ್ನು ತೋರಿಸದೆ ಹಿಂದಕ್ಕೆ ಹೆಜ್ಜೆ ಇಟ್ಟು ಅಂಗಡಿ ಇಳಿದ.

ಇಲ್ಲಿ ಓದುಗರಿಗೆ ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ಜಕಾತಿ ಎಂದರೆ ಎರಡು. ಒಂದು ದೇವರಿಗೆ ಹೆದರಿ ಕೊಡುವುದು, ಇನ್ನೊಂದು ಬೀರಲಿಂಗನಿಗೆ ಹೆದರಿ ಕೊಡುವುದು. ಸಂತೆಯಲ್ಲಿ ಗೋಣಿಚೀಲ ಹಾಸಿ ಕೂತವರಿಂದ ಕೂತ ನೆಲಕ್ಕೆ ವಸೂಲಿ ಮಾಡುವ ಸುಂಕಕ್ಕೂ ಜಕಾತಿ ಎಂದೇ ಹೆಸರು. ಪ್ರತಿ ವರ್ಷ ಅದರ ಗುತ್ತಿಗೆ ಹರಾಜಿಗೆ, ಅಂದರೆ ಲಿಲಾವಿಗೆ ಬರುತ್ತದೆ, ಪ್ರತಿ ವರ್ಷ ಬೀರಲಿಂಗನೇ ಹಿಡಿಯುತ್ತಾನೆ. ಆ ವರ್ಷದ ಲಿಲಾವಿನ ದಿನಗಳೂ ರಂಜಾನೂ ಒಟ್ಟಿಗೇ ಬಂದಿದ್ದವು. ಹೆಸರಿಟ್ಟ ಹಿರಿಯರು ಯಾರೋ, ಒಂದೇ ಹೆಸರನ್ನು ಎರಡಕ್ಕೆ ಯಾಕಿಟ್ಟರೋ, ಅವರು ಹೋಗಿಬಿಟ್ಟರು. ಅನುಭವಿಸಲು ಯಮನೂರಸಾಬ ಉಳಿದ.

ಮೊದಲು ಬಂದವಳು ಸವಡಿಯ ರೇಣವ್ವ. ಒಣಮೆಣಸಿನಕಾಯಿ ಮಾರುವವಳು. ಸೆರಗಿನ ತುಂಬ ಮೆಣಸಿನಕಾಯಿ ತಂದು ಮನೆಯ ಕಟ್ಟೆಯ ಮೇಲೆ ಸುರಿದಳು.

"ಸಾಬ್ರ, ನಿಮ್ಮ ಕಾಲ ಬಂತು ನೋಡ್ರಿ. ಆ ಬೇವಿನ ಗಿಡದ ನೆಳ್ಳಿನಾಗ ನನಗೊಂದು ಜಾಗಾ ಇರ್ಲಿ."

ಬೇವಿನ ಮರಕ್ಕೂ ತನಗೂ ಏನು ಸಂಬಂಧ ಎಂದು ಯಮನೂರಸಾಬನಿಗೆ ಹೊಳೆಯಲಿಲ್ಲ. ಆದರೆ ದೊಡ್ಡ ಮನುಷ್ಯರು ಎಲ್ಲಕ್ಕೂ ಹೂಂ ಅನ್ನುತ್ತಾರೆ ಎಂಬುದನ್ನು ಅವನು ಕಂಡಿದ್ದ.

"ನಿನ್ನ ಜಾಗಾ ನನ್ನ ಮನಸ್ಸಿನಾಗ ಐತಿ, ಹೋಗವ್ವಾ."

ರೇಣವ್ವ ಮನಸ್ಸಿನಲ್ಲಿ ಗೋಣಿಚೀಲ ಹಾಸುವುದು ಹೇಗೆ ಎಂದು ಯೋಚಿಸುತ್ತ ಹೋದಳು. ಹಿಂದೆಯೇ ಬದನೆಕಾಯಿ ಬಂತು, ನಿಂಬೆಹಣ್ಣು ಬಂತು, ಬೆಲ್ಲದ ಪೆಂಟೆ ಬಂತು. ಖಾಜಾಬಿ ಕಟ್ಟೆಯ ಮೇಲೆ ನಿಂತು ನೋಡಿದಳು.

"ಏನ್ರಿ ಇದು? ಜಕಾತಿ ಕೊಡೋರ ಮನಿಯಿಂದ ಸಾಮಾನು ಹೊರಗ ಹೋಗಬೇಕು. ಒಳಗ ಯಾಕ ಬರಾಕತ್ತೈತಿ?"

"ಗೌರವ, ಖಾಜಾಬಿ, ಗೌರವ. ನಿನಗ ತಿಳಿಯೂದಿಲ್ಲ."

"ನೀವು ಯಾರ ಮುಂದರ ಬಾಯಿ ಬಿಟ್ಟೀರೇನು?"

"ಯಾರ ಮುಂದೂ ಇಲ್ಲ. ಹನಮಪ್ಪಗ ಹೊರಗ ಹೇಳಬ್ಯಾಡಂತ ಹೇಳೇನಿ."

ಖಾಜಾಬಿ ಹಣೆಗೆ ಕೈ ಹಚ್ಚಿಕೊಂಡಳು. ಬದನೆಕಾಯಿ ತಂದವರ ಮನೆಗೆ ಬದನೆಕಾಯಿ, ಬೆಲ್ಲ ತಂದವರಿಗೆ ಬೆಲ್ಲ ತಿರುಗಿಸಿ ಕಳಿಸುವುದರಲ್ಲಿ ಅವಳ ಒಂದಿಡೀ ದಿನ ಹೋಯಿತು. ತಿರುಗಿ ಬಂದ ಬದನೆಕಾಯಿ ನೋಡಿ ಅವರು ಇನ್ನಷ್ಟು ಬೆರಗಾದರು. ಬೀರಲಿಂಗನ ಕಾಲದಲ್ಲಿ ಹೋದ ಬದನೆಕಾಯಿ ಎಂದೂ ತಿರುಗಿ ಬಂದಿರಲಿಲ್ಲ.

ಸಂತೆಯ ಹಿಂದಿನ ದಿನ ಹನಮಪ್ಪ ವ್ಯಾಪಾರಸ್ಥರ ತಂಡ ಕಟ್ಟಿಕೊಂಡು ಅಂಗಡಿಗೆ ಬಂದ. ಎಲ್ಲರೂ ಕೊಳ್ಳುವವರಂತೆ ಗಾದಿಗಳ ಮೇಲೆ ಕೂತರು.

"ಸಾಬ್ರ, ಬೀರಲಿಂಗ ನಮ್ಮನ್ನ ಭಾಳ ಕಾಡ್ಯಾನ. ನೀವು ಬಡವರ ನೋವು ಕಂಡವ್ರು. ಒಂದ ಮಾತು ಹೇಳ್ರಿ. ನೀವು ಎಷ್ಟು ತಗೋತೀರಿ?"

"ಏನು ತಗೊಳ್ಳೋದು?"

"ಜಕಾತೀರಿ."

ಯಮನೂರಸಾಬ ಎರಡೂ ಕಿವಿ ಮುಟ್ಟಿಕೊಂಡ. "ತೋಬಾ ತೋಬಾ! ತಗೊಳ್ಳೋದಾ? ನಮ್ಮಂಥವರು ಜಕಾತಿ ತಗೊಂಡ್ರ ಹರಾಮ್! ನಾವೇನಿದ್ರೂ ಕೊಡೋರು!"

ಹನಮಪ್ಪ ಗಾದಿಯ ತುದಿಗೆ ಸರಿದ. "ತಗೊಳ್ಳೂದಿಲ್ಲ?"

"ಒಂದು ಪೈಸಾನೂ ಇಲ್ಲ."

"ಎಲ್ಲಾ ನೀವ ಕೊಡ್ತೀರಿ?"

"ನಮ್ಮ ಪಾಲಿಂದು ಎಷ್ಟು ಬರ್ತೈತಿ, ಅಷ್ಟೂ ಕೊಡ್ತೀವಿ. ದೇವರ ಹುಕುಂ."

ಹನಮಪ್ಪ ಎದ್ದು ಅವನ ಕಾಲಿಗೆ ಬಗ್ಗಿದ. ಯಮನೂರಸಾಬ ಬೇಡ ಬೇಡ ಎನ್ನುತ್ತಲೇ ಕಾಲು ಸ್ವಲ್ಪ ಮುಂದೆ ಚಾಚಿದ.

ಮರುದಿನ ಗಜೇಂದ್ರಗಡದ ಸಂತೆ. ಬೀರಲಿಂಗ ಪಾವತಿ ಪುಸ್ತಕ ಹಿಡಿದು ಉಳ್ಳಾಗಡ್ಡಿ ಸಾಲಿಗೆ ಬಂದ.

"ತಗಿ ಜಕಾತಿ."

"ಯಮನೂರಸಾಬ್ರ ಕೊಡ್ತಾರ."

ಮೆಣಸಿನಕಾಯಿ ಸಾಲಿಗೆ ಹೋದ. "ಯಮನೂರಸಾಬ್ರ ಕೊಡ್ತಾರ." ಕುರಿ ಸಾಲಿಗೆ ಹೋದ. ಅಲ್ಲಿ ಮನುಷ್ಯರು ಹೇಳಿದ್ದು ಅದನ್ನೇ, ಕುರಿಗಳೂ ಅದನ್ನೇ ಹೇಳಿದಂತೆ ಅವನಿಗೆ ಕೇಳಿಸಿತು. ಇಷ್ಟು ವರ್ಷದಲ್ಲಿ ಬೀರಲಿಂಗ ಬೈಗುಳ ಕೇಳಿದ್ದ, ಶಾಪ ಕೇಳಿದ್ದ, ಇಂಥ ವಿನಯ ಕೇಳಿರಲಿಲ್ಲ. ಅವನ ಮೀಸೆ ನಡುಗಿತು. ಪುರಸಭೆ ಕಚೇರಿಗೆ ಹೋಗಿ ಉಮಾ ಮೇಡಂ ಅವರನ್ನೇ ಕರೆತಂದ. ಉಮಾ ಮೇಡಂ ಲಿಲಾವಿನ ಕಾಗದ ನೋಡಿಕೊಳ್ಳುವವರು; ಕೊಡೆ ಬಿಚ್ಚಿಕೊಂಡು ಮುಂದೆ ಅವರು, ಪುಸ್ತಕ ಬೀಸುತ್ತ ಬೀರಲಿಂಗ, ಹಿಂದೆ ತಕ್ಕಡಿ ಬಿಟ್ಟು ಬಂದ ಅರ್ಧ ಸಂತೆ, ಎಲ್ಲ ಯಮನೂರಸಾಬನ ಮನೆಯ ಮುಂದೆ ಬಂದು ನಿಂತಿತು. ರೋಣದ ಬಸ್ಸಿಳಿದು ಸಣ್ಣ ಗಂಟು ಹೊತ್ತು ಬರುತ್ತಿದ್ದ ರೇಷ್ಮಾ, ಅಣ್ಣನ ಮನೆಯ ಮುಂದೆ ಮಂದಿ ಕೂಡಿದ್ದು ನೋಡಿ ಓಡಿಬಂದಳು.

"ಯಮನೂರಸಾಬ್ರ, ಜಕಾತಿ ನೀವು ಹಿಡದೀರಂತ?" ಎಂದರು ಉಮಾ ಮೇಡಂ.

"ಹೌದ್ರಿ ಮೇಡಂ. ಈ ವರ್ಷದಿಂದ."

"ಅದ್ಹೆಂಗ್ರಿ? ಲಿಲಾವ ಇನ್ನೂ ಆಗಿಲ್ಲಲ್ಲ?"

"ಇದಕ್ಕ ಲಿಲಾವ ಎಲ್ಲಿಂದ ಬಂತ್ರಿ? ಇದು ದೇವರ ಲೆಕ್ಕ."

"ದೇವರು ಅರ್ಜಿ ಹಾಕ್ಯಾರೇನು?" ಎಂದು ಬೀರಲಿಂಗ ಚೀರಿದ. "ಡಿಪಾಜಿಟ್ ಕಟ್ಟ್ಯಾರೇನು? ಲೇ ಯಮನೂರಾ, ನನ್ನ ಹೊಟ್ಟಿ ಮ್ಯಾಲೆ ಯಾಕ ಗಾದಿ ಹಾಸ್ತಿ?"

"ಬೀರಲಿಂಗಾ, ನಿನಗ ಕೊಡಾಕ ಬರ್ತಿದ್ರ ನೀನೂ ಕೊಡು, ಯಾರು ಬ್ಯಾಡಂದ್ರು?"

"ನಾ ಕೊಡಬೇಕಾ? ಮೇಡಂ, ಕೇಳಿದ್ರೆ? ಜಕಾತಿ ನಾ ಕೊಡಬೇಕಂತ!"

ಈ ಸಂವಾದ ಹೀಗೇ ಸೂರ್ಯ ಮುಳುಗುವವರೆಗೆ ನಡೆಯಬಹುದಿತ್ತು. ಅಷ್ಟರಲ್ಲಿ ಕಾಶೀಂಸಾಬರು ಕೋಲೂರಿಕೊಂಡು ಬಂದರು. ಎರಡೂ ಕಡೆಯ ಮಾತು ಕೇಳಿದರು. ಅವರಿಗೆ ನಗು ಬಂದಿರಬೇಕು. ಗಡ್ಡ ಅದನ್ನು ಮುಚ್ಚಿತು.

"ಸಂತಿ ಜಕಾತಿ ಅಲ್ರೆಪಾ ಅದು. ನಮ್ಮ ಧರ್ಮದ ಜಕಾತ್. ಈಕಿ ಖಾಜಾಬಿ ಬಂಗಾರದ ಮ್ಯಾಲೆ ಬಂದದ್ದು. ಇದ್ದವರ ಆಸ್ತಿಯೊಳಗ ಇಲ್ಲದವರದ್ದೊಂದು ಹಕ್ಕು ಇರ್ತೈತಿ. ಅದನ್ನ ತಗದು ಅವರಿಗೆ ಮುಟ್ಟಸಬೇಕು. ಅದು ಉಪಕಾರ ಅಲ್ಲ. ಅವರದ್ದು ಅವರಿಗೆ."

ಬೀರಲಿಂಗ ಉಸಿರು ಬಿಟ್ಟ. ಉಮಾ ಮೇಡಂ ಕೊಡೆ ಮಡಚಿದರು. ಹನಮಪ್ಪ ಮಾತ್ರ ಇಷ್ಟು ದೊಡ್ಡ ಸಂತೋಷವನ್ನು ಇಷ್ಟು ಬೇಗ ಬಿಟ್ಟುಕೊಡಲು ತಯಾರಿರಲಿಲ್ಲ.

"ಯಾರಿಗೆ ಮುಟ್ಟಸಬೇಕ್ರಿ ಅಜ್ಜಾರ? ನಮಗೂ ಬರ್ತೈತೇನು?"

"ಮೊದಲು ಹತ್ತಿರದ ಸಂಬಂಧದಾಗ ಯಾರು ಬಡವರು ಅದಾರ, ಅವರಿಗೆ."

"ಹಂಗಾರ ನಿಮ್ಮ ಸಂಬಂಧದಾಗ ಬಡವರು ಯಾರ್ರಿ ಸಾಬ್ರ?"

ಯಮನೂರಸಾಬನಿಗೆ ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ಹೇಳಿಯೇ ರೂಢಿ. ಅವನ ಕೈ ತಾನಾಗಿ ಎದ್ದಿತು. ತೋರುಬೆರಳು ಗುಂಪಿನ ತಲೆಗಳ ಮೇಲಿಂದ ಹಾದು, ಸಣ್ಣ ಗಂಟು ಹೊತ್ತು ನಿಂತ ತಂಗಿಯ ಕಡೆಗೆ ತಿರುಗತೊಡಗಿತು.

"ಏನ್ರೀ!"

ಬಾಗಿಲಲ್ಲಿ ನಿಂತಿದ್ದ ಖಾಜಾಬಿಯ ಕೂಗು ಅದು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳ ದನಿ ಮನೆಯ ಹೊಸ್ತಿಲು ದಾಟಿದ್ದನ್ನು ಆ ಓಣಿ ಕೇಳಿರಲಿಲ್ಲ. ಬೆರಳು ಗಾಳಿಯಲ್ಲಿ ನಿಂತಿತು. ಯಮನೂರಸಾಬ ಹೆಂಡತಿಯ ಮುಖ ನೋಡಿದ, ತಂಗಿಯ ಮುಖ ನೋಡಿದ. ಜೀವನದಲ್ಲಿ ಮೊದಲ ಬಾರಿಗೆ ಅವನಿಗೆ ಹೇಳಬಾರದ ಮಾತು ಯಾವುದೆಂದು ಸಮಯಕ್ಕೆ ಸರಿಯಾಗಿ ತಿಳಿಯಿತು. ಎತ್ತಿದ ಬೆರಳನ್ನು ಹಾಗೇ ಇಳಿಸಲು ಬರುವುದಿಲ್ಲ. ಅವನು ಅದನ್ನು ನಿಧಾನಕ್ಕೆ ಮಡಚಿ ತನ್ನ ಎದೆಗೇ ಒತ್ತಿಕೊಂಡ.

"ನಾನ! ನಮ್ಮ ಸಂಬಂಧದಾಗ ಬಡವ ಅಂದ್ರ ನಾನ!"

"ಗಂಡಗ ಬರೂದಿಲ್ಲೋ, ಹುಚ್ಚಪ್ಪಾ!" ಎಂದರು ಕಾಶೀಂಸಾಬರು.

ನಗು ಎಷ್ಟು ಜೋರಾಗಿ ಎದ್ದಿತೆಂದರೆ ಬಿಟ್ಟುಬಂದ ಸಂತೆಯಲ್ಲಿ ಕುರಿಗಳು ಬೆದರಿದವು. ದೊಡ್ಡ ಮನುಷ್ಯನಾಗಿದ್ದ ಯಮನೂರಸಾಬ ಎಲ್ಲರ ಕಣ್ಣೆದುರು ಮತ್ತೆ ಗಾದಿ ಹೊಲಿಯುವವನಾದ. ಇಸ್ತ್ರಿ ಅಂಗಿ ಅಷ್ಟರಲ್ಲಿ ಮುದುಡಿಯೂ ಹೋಗಿತ್ತು.

ರೇಷ್ಮಾ ನಗಲಿಲ್ಲ. ಬೆರಳು ಹೊರಟ ದಿಕ್ಕನ್ನು ಅವಳು ಕಂಡಿದ್ದಳು. ಗುಂಪಿನ ನಡುವೆ ದಾರಿ ಮಾಡಿಕೊಂಡು ಬೀರಲಿಂಗನ ಮುಂದೆ ಬಂದು ನಿಂತಳು. ಇನ್ನೂ ಗಂಟು ಬಿಚ್ಚಿರಲಿಲ್ಲ, ಬೋಣಿಯಾಗಿರಲಿಲ್ಲ. ಸೊಂಟದ ಚೀಲದಿಂದ ನೋಟು ತೆಗೆದು ಅವನ ಕೈಗಿಟ್ಟಳು.

"ಬೀರಲಿಂಗಣ್ಣಾ, ನನ್ನ ಜಕಾತಿ. ಪಾವತಿ ಹರಿ."

ಬೀರಲಿಂಗ ಪಾವತಿ ಹರಿದು ಕೊಟ್ಟ. ಅದನ್ನು ಎಲ್ಲರಿಗೂ ಕಾಣುವಂತೆ ಮಡಚಿ ಇಟ್ಟುಕೊಂಡು, ಅಣ್ಣನ ಮನೆಯ ಕಡೆ ತಿರುಗಿಯೂ ನೋಡದೆ ಅವಳು ಸಂತೆಗೆ ನಡೆದಳು. ಉಳಿದವರೂ ನಾಚಿಕೊಂಡು ಒಬ್ಬೊಬ್ಬರಾಗಿ ಕಿಸೆಗೆ ಕೈ ಹಾಕಿದರು.

ಖಾಜಾಬಿ ಒಳಗೆ ಹೋದಳು. ಗಂಟು ಕೋಣೆಯಲ್ಲಿ ಇದ್ದ ಹಾಗೇ ಇತ್ತು. ಈಗ 'ಈದ್‌ಗೆ ನನ್ನ ಕಡಿಂದ' ಎಂದರೆ ಮೂರು ವರ್ಷದ ಕೂಸೂ ನಂಬುವುದಿಲ್ಲ. ಈದ್‌ಗೆ ಮುಂಚೆ ರೋಣದ್ದೊಂದು, ನರಗುಂದದ್ದೊಂದು ಸಂತೆ ಉಳಿದಿದ್ದವು. ಬಟ್ಟೆ ಇವತ್ತು ರೇಷ್ಮಾಳ ಕೈ ಸೇರದಿದ್ದರೆ ಆಮೇಲೆ ಸೇರಿ ಪ್ರಯೋಜನವಿಲ್ಲ. ಬೇರೆ ಬಡವರು ಊರಲ್ಲಿ ಇಲ್ಲವೆಂದಲ್ಲ. ಆದರೆ ಗಂಡ ಸತ್ತ ಮೇಲೆ ಒಂದು ದಿನವೂ ಅಣ್ಣನ ಮನೆಗೆ ಬರಿಗೈಲಿ ಬಾರದ, ಬಂದಾಗಲೆಲ್ಲ ಒಂದು ಹಿಡಿ ಚುರುಮುರಿಯನ್ನಾದರೂ ಸೆರಗಿನಲ್ಲಿ ಕಟ್ಟಿ ತರುವ ಹೆಣ್ಣಿನ ಮುಂದೆ ಕಲೆಬಿದ್ದ ಚಡ್ಡಿಗಳು ಬಿಸಿಲಲ್ಲಿ ಹಾಸಿವೆ ಎಂಬುದು ಅವಳಿಗೆ ಮನೆಯೊಳಗೇ ಕಾಣುತ್ತಿತ್ತು.

ತಲೆಗೆ ಸೆರಗು ಹೊದ್ದು ಸಂತೆಗೆ ಹೋದಳು. ಬಟ್ಟೆ ಸಾಲಿನ ತುದಿಯಲ್ಲಿ ರೇಷ್ಮಾ ಕೂತಿದ್ದಳು. ಖಾಜಾಬಿ ಎದುರಿಗೆ ಗಿರಾಕಿಯಂತೆ ಕುಕ್ಕರುಗಾಲಲ್ಲಿ ಕೂತಳು.

"ನಿಮ್ಮ ಅಣ್ಣಗ ಬುದ್ಧಿ ಇಲ್ಲ."

"ಅದು ನನಗ ಹುಟ್ಟಿದಾಗಿಂದ ಗೊತ್ತೈತಿ, ಭಾಬಿ." ರೇಷ್ಮಾ ಒಂದು ಚಡ್ಡಿಯನ್ನು ಕಲೆ ಒಳಗಾಗುವಂತೆ ಮಡಚಿದಳು. "ನಿಂದು ಹೇಳು. ನನ್ನ ಹೆಸರಿಗೆ ಜಕಾತಿ ತಗದಿಟ್ಟೀಯಂತ. ಹೌದಿಲ್ಲೋ?"

ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ಹೌದು," ಎಂದಳು ಖಾಜಾಬಿ.

"ನಾ ತಗೊಳ್ಳೂದಿಲ್ಲ."

"ಬ್ಯಾಡ, ಬಿಡು. ನನಗೊಂದು ಹೇಳು. ಆ ಬೀರಲಿಂಗ ಬಂದು ಜಕಾತಿ ತಗಿ ಅಂದಾಗ, ನೀ ಕೊಡ್ತಿ. ಅವಂಗ ಉಪಕಾರ ಮಾಡಿದ್ನಿ ಅಂತೀಯೇನು?"

"ಅವಂಗ್ಯಾತರ ಉಪಕಾರ? ಅವನ ಹಕ್ಕು. ಮೀಸಿ ತಿರುವಿಕೋತ ತಗೊಂಡು ಹೋಗ್ತಾನ."

"ಮತ್ತ ನೀ ಯಾಕ ತೆಲಿ ತಗ್ಗಸ್ತಿ? ನೀನೂ ಮೀಸಿ ತಿರುವು."

ರೇಷ್ಮಾ ತಲೆ ಎತ್ತಿದಳು. ಖಾಜಾಬಿ ನಗುತ್ತಿರಲಿಲ್ಲ.

"ಚಾಚಾ ಹೇಳಿದ್ದು ಕೇಳಿದೆಲ್ಲ? ವರ್ಷ ತುಂಬಿದ ದಿನಾನ ಆ ಪಾಲು ನಂದಲ್ಲ. ಬ್ಯಾರೇದವರ ಸಾಮಾನು ಮನ್ಯಾಗ ಇಟಗೊಂಡು ಕುಂತೇನಿ. ಅದನ್ನ ದಾಟಸದ ಹೊರತು ಈ ಬಿಲವಾರ ನನ್ನ ಕೈಯಾಗ ಇದ್ರೂ ನನ್ನವಲ್ಲ. ನೀ ತಗೊಂಡ್ರ ಉಪಕಾರ ನನಗ, ರೇಷ್ಮಾ. ನಿನಗಲ್ಲ."

ಒಬ್ಬಳು ಗಿರಾಕಿ ಬಂದು ಫ್ರಾಕು ಎತ್ತಿ ನೋಡಿ, ಕಲೆ ಕಂಡು ಮುಖ ಹಿಂಡಿ ಮುಂದೆ ಹೋದಳು. ರೇಷ್ಮಾ ಆ ಫ್ರಾಕನ್ನು ಎಷ್ಟೋ ಹೊತ್ತು ಮಡಚುತ್ತಲೇ ಇದ್ದಳು. ಖಾಜಾಬಿ ಎದ್ದು ಮನೆಗೆ ಬಂದಳು.

ಸಂತೆ ಮುರಿಯಿತು. ರೇಷ್ಮಾ ಸಂತೆಗೆ ಬಂದ ದಿನ ಹಿತ್ತಲ ಬಾಗಿಲಿನಿಂದ ಕೇಳದೆ ಒಳಗೆ ಬಂದು, ಅಡುಗೆಮನೆಯಲ್ಲಿ ಕೂತು, ರೋಜಾ ಬಿಟ್ಟು ಬಸ್ಸು ಹಿಡಿಯುವವಳು. ಖಾಜಾಬಿ ಹಿತ್ತಲ ಬಾಗಿಲನ್ನು ತೆರೆದೇ ಇಟ್ಟಿದ್ದಳು. ಯಾರೂ ಬರಲಿಲ್ಲ. ಬಿಸಿಲು ಗೋಡೆಯಿಂದ ಇಳಿದು ಹೋಯಿತು. ಆಗ ಮುಂಬಾಗಿಲ ಚಿಲಕ ಗಡಗಡ ಸದ್ದು ಮಾಡಿತು. ಸಾಲ ಕೊಟ್ಟವರು, ಪೊಲೀಸರು, ವಸೂಲಿಯವರು ಮಾತ್ರ ಹಾಗೆ ಬಡಿಯುತ್ತಾರೆ.

"ಯಾರದು?" ಎಂದ ಯಮನೂರಸಾಬ, ದನಿಯಲ್ಲಿ ಜೀವವಿಲ್ಲದೆ.

"ಜಕಾತಿಯವ್ರು!"

"ನಾ ಮನ್ಯಾಗಿಲ್ಲ ಅನ್ನು, ಖಾಜಾಬಿ! ಊರಾಗ ಇಲ್ಲ ಅನ್ನು!" ಎಂದವನೇ ಅವನು ಹಿತ್ತಲಿಗೆ ಓಡಿದ.

ಖಾಜಾಬಿ ಕದ ತೆರೆದಳು. ರೇಷ್ಮಾ ಹೊಸ್ತಿಲ ಹೊರಗೆ, ಒಂದು ಕೈ ಸೊಂಟಕ್ಕಿಟ್ಟು ನಿಂತಿದ್ದಳು. ಕಣ್ಣು ಕೆಂಪಗಿದ್ದವು, ಗದ್ದ ಮಾತ್ರ ಮೇಲಿತ್ತು.

"ಏನ್ ನೋಡ್ತಿ? ತಗಿ ಜಕಾತಿ. ಲಗೂ. ಮುಂದಿನ ಮನಿಗೂ ಹೋಗಬೇಕು ನಾ."

ಖಾಜಾಬಿ ಒಳಗಿನಿಂದ ಗಂಟು ತಂದು ಹೊಸ್ತಿಲಾಚೆ ಇಟ್ಟಳು. ರೇಷ್ಮಾ ಅಲ್ಲೇ ಕೂತು ಗಂಟು ಬಿಚ್ಚಿದಳು. ಧನ್ಯವಾದ ಹೇಳಲಿಲ್ಲ. ಒಂದು ಹಸಿರು ಫ್ರಾಕು ಎಳೆದು ಹೊಲಿಗೆ ಜಗ್ಗಿ ನೋಡಿದಳು, ಗುಂಡಿ ತಿರುವಿ ನೋಡಿದಳು, ಕಟ್ಟೆಯ ಮೇಲಿನ ತಂಬಿಗೆಯ ನೀರಿನಲ್ಲಿ ಹೆಬ್ಬೆರಳು ಅದ್ದಿ ಬಣ್ಣ ತಿಕ್ಕಿ ನೋಡಿದಳು. ಬೆರಳು ಬೆಳ್ಳಗೇ ಇತ್ತು.

"ಸರಿ ಐತಿ," ಎಂದಳು, ಗಂಟು ಕಟ್ಟುತ್ತ.

"ರೋಜಾ ಬಿಡೂ ಹೊತ್ತಾತು. ಒಳಗ ಬಾ."

"ವಸೂಲಿಗೆ ಬಂದವ್ರು ಮನ್ಯಾಗ ಕುಂತು ಉಣ್ಣೂದಿಲ್ಲ. ರೂಢಿ ಅಲ್ಲ ಅದು. ಕೈ ಹಚ್ಚು."

ಇಬ್ಬರೂ ಕೂಡಿ ಗಂಟನ್ನು ಅವಳ ತಲೆಗೇರಿಸಿದರು. ಮಾರದೆ ಉಳಿದ ಉಳ್ಳಾಗಡ್ಡಿ ಹೇರಿಕೊಂಡು ರೋಣಕ್ಕೆ ಹೋಗುವ ಹನಮಪ್ಪನ ಮೂರು ಗಾಲಿಯ ಟಂಟಂ ಓಣಿಯ ತುದಿಯಲ್ಲಿ ನಿಂತಿತ್ತು. ರೇಷ್ಮಾ ಅದರಲ್ಲಿ ಗಂಟು ಇಟ್ಟು, ಹನಮಪ್ಪನಿಗೆ ಏನೋ ಹೇಳಿ, ಓಣಿ ತಿರುಗಿ ಕಾಣದಾದಳು. ಖಾಜಾಬಿ ಮುಂಬಾಗಿಲು ಹಾಕಿದಳು.

ಮಸೀದಿಯಿಂದ ಅಜಾನ್ ಕೇಳಿತು. ಖರ್ಜೂರದ ತಟ್ಟೆ ಮುಂದಿಟ್ಟುಕೊಂಡು ಅವಳು ಕೂತಿರುವಾಗ ಹಿತ್ತಲಲ್ಲಿ ಯಮನೂರಸಾಬನ "ಅಯ್ಯೋ, ಇಲ್ಲೂ ಬಂದ್ರಲ್ಲೋ!" ಎಂಬ ಕೂಗು, ಅದರ ಹಿಂದೆ ಚಪ್ಪಲಿಯ ಸದ್ದು. ರೇಷ್ಮಾ ಅಡುಗೆಮನೆಗೆ ಬಂದು ಚಕ್ಕಳಮಕ್ಕಳ ಹಾಕಿ ಕೂತಳು. ಸೆರಗಿನ ತುದಿ ಬಿಚ್ಚಿ ಒಂದು ಹಿಡಿ ಚುರುಮುರಿ ತಟ್ಟೆಗೆ ಸುರಿದಳು.

"ಭಾಳ ಹಸದೇನಿ, ಭಾಬಿ. ಇವತ್ತ ಏನು ಮಾಡೀದಿ?"